ಉಣ್ಣದ ಮಗುವಿಗೆ ಮೊದಲು ಹಸಿವಾಗಬೇಕು

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ತೂಕ ನೋಡುವ ದಿನ ಹೆಚ್ಚಾಗಿ ಕೇಳುವ ಮಾತು ಒಂದೇ: “ಏನೂ ತಿನ್ನುವುದಿಲ್ಲ ಟೀಚರ್, ತಟ್ಟೆ ಕಂಡರೆ ಬಾಯಿ ಬಿಗಿಯುತ್ತಾನೆ.” ಆಗ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಸಮೇತ ಹೇಳಿಸಿ ಬರೆದುಕೊಳ್ಳುತ್ತೇನೆ. ಮಗು ಏಕೆ ಉಣ್ಣುತ್ತಿಲ್ಲ ಎಂಬುದು ಬಹುಪಾಲು ಆ ಪಟ್ಟಿಯಲ್ಲೇ ತಿಳಿಯುತ್ತದೆ.

ಮೂರು ವರ್ಷ ದಾಟಿದ ಒಬ್ಬ ಹುಡುಗನ ಪಟ್ಟಿ ಹೀಗಿತ್ತು. ಏಳುತ್ತಲೇ ದೊಡ್ಡ ಲೋಟದಲ್ಲಿ ಎಮ್ಮೆ ಹಾಲು. ಅಪ್ಪನ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಅಂಗನವಾಡಿಗೆ ಬರುವ ದಾರಿಯಲ್ಲಿ ಅಂಗಡಿಯ ಐದು ರೂಪಾಯಿ ಪೊಟ್ಟಣ. ನಮ್ಮಲ್ಲಿ ಊಟಕ್ಕೆ ಕೂತರೆ ಎರಡು ತುತ್ತು. ಮನೆಗೆ ಹೋದೊಡನೆ “ಪಾಪ, ಹಸಿದಿದೆ” ಎಂದು ಮತ್ತೆ ಹಾಲು. ಸಂಜೆ ಮಂಡಕ್ಕಿ. ರಾತ್ರಿ ಮೊಬೈಲ್ ಮುಂದೆ ಹಿಡಿದು ನಾಲ್ಕು ತುತ್ತು ಅನ್ನ, ಮುದ್ದೆ ಬೇಡವೆಂದು ಅತ್ತದ್ದಕ್ಕೆ ಇನ್ನೊಂದು ಲೋಟ ಹಾಲು. ಎಮ್ಮೆ ಹಾಲು 100 ಮಿಲಿಲೀಟರಿಗೆ 100 ಕ್ಯಾಲೊರಿಯಷ್ಟು ಕೊಡುತ್ತದೆ. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾದುದು ಹೆಚ್ಚುಕಡಿಮೆ 1,100. ಅರ್ಧ ಲೀಟರಿಗೂ ಮಿಕ್ಕಿ ಹಾಲು ಕುಡಿದ ಹುಡುಗನ ಹೊಟ್ಟೆಯಲ್ಲಿ ಮುದ್ದೆಗೆ ಜಾಗವೆಲ್ಲಿ?

ಅವನ ತೂಕ ಸರಿಯಾಗಿಯೇ ಇತ್ತು. ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಹಸಿರು ಭಾಗದಲ್ಲಿ ಬಿದ್ದರೆ ಮನೆಯವರು ನಿಶ್ಚಿಂತರಾಗುತ್ತಾರೆ, ನನಗೆ ಹೆಚ್ಚು ಕಳವಳವಾಗುವುದು ಅಲ್ಲೇ. ಹಾಲು ತೂಕವನ್ನು ಕಾಪಾಡುತ್ತದೆ, ಆದರೆ ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದಕ್ಕೂ ಅಡ್ಡಿಯಾಗುತ್ತದೆ, ಚಹಾ ಇನ್ನೂ ಹೆಚ್ಚು. ಹುಡುಗನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದ. ಎರಡು ಮೂರು ದಿನಕ್ಕೊಮ್ಮೆ ಅಳುತ್ತಾ ಮಲ ವಿಸರ್ಜಿಸುತ್ತಿದ್ದ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿತ್ತು. ಎರಡು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಅದನ್ನೇ ರಕ್ತಹೀನತೆ ಎನ್ನುವುದು. ವೈದ್ಯರು ಕಬ್ಬಿಣದ ಸಿರಪ್ ಮತ್ತು ಜಂತುಹುಳುವಿನ ಮಾತ್ರೆ ಬರೆದುಕೊಟ್ಟರು. ಊಟ ಸರಿಪಡಿಸುವ ಕೆಲಸ ನಮ್ಮ ಪಾಲಿಗೆ ಉಳಿಯಿತು.

ಆ ಮನೆಯಲ್ಲಿ ತೀರ್ಮಾನ ಅಜ್ಜಿಯದು. ಹಾಲು ಕಡಿಮೆ ಮಾಡಿ ಎಂದಾಗ ಅವರು ಸಿಟ್ಟಾದರು. “ಎಮ್ಮೆ ಕಟ್ಟಿರುವುದೇ ಮೊಮ್ಮಗನಿಗೆ ಟೀಚರಮ್ಮ. ಹಾಲು ಬಿಡಿಸಿದರೆ ಮೂಳೆ ಗಟ್ಟಿಯಾಗುವುದು ಹೇಗೆ?” ನಿಜವಾದ ಪ್ರಶ್ನೆ. ನಾನು ಅವರ ಒಲೆಯ ಮುಂದೆಯೇ ಕೂತು ಹೇಳಿದೆ: “ಹಾಲು ಬಿಡಿಸುವುದು ಬೇಡಮ್ಮ, ಎರಡು ಸಣ್ಣ ಲೋಟ ಸಾಕು. ನೀವು ಮಾಡುವ ಮುದ್ದೆಯ ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಅದರ ಅರ್ಧವೂ ಇಲ್ಲ.” ತಮ್ಮ ಮುದ್ದೆಯ ಹೊಗಳಿಕೆ ಕೇಳಿ ಅವರ ಮುಖ ಸಡಿಲವಾಯಿತು. ಈ ಕೆಲಸದಲ್ಲಿ ಅಜ್ಜಿಯರನ್ನು ಎದುರು ಹಾಕಿಕೊಂಡು ಯಾರೂ ಗೆದ್ದಿಲ್ಲ, ಗೆಲ್ಲುವ ಅಗತ್ಯವೂ ಇಲ್ಲ. ಮಗುವಿನ ಮೇಲೆ ಅವರಷ್ಟು ಕಣ್ಣಿಟ್ಟವರು ಮನೆಯಲ್ಲಿ ಬೇರೆ ಇರುವುದಿಲ್ಲ.

ಮಾಡಿದ್ದು ಇಷ್ಟು. ಎದ್ದ ಮೇಲೆ ಹಾಲಿನ ಬದಲು ತಿಂಡಿ, ಹಾಲು ಅದಾದ ಮೇಲೆ. ಮಧ್ಯಾಹ್ನದ ಊಟ ಅಂಗನವಾಡಿಯಲ್ಲಿ, ನಾಲ್ಕು ಗಂಟೆಗೆ ಏನಾದರೊಂದು ತಿನಿಸು, ದೀಪ ಹಚ್ಚುವ ಹೊತ್ತಿಗೆ ಎಲ್ಲರ ಜೊತೆ ರಾತ್ರಿಯೂಟ. ನಡುವೆ ನೀರು ಮಾತ್ರ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂರಿಸಿ ಎಂಬುದು ದೊಡ್ಡವರಿಗೆ ಬಿಟ್ಟದ್ದು. ಎಷ್ಟು ತಿನ್ನಬೇಕೆಂಬುದು ಮಗುವಿಗೆ ಬಿಟ್ಟದ್ದು. ಈ ಎರಡನೆಯ ಮಾತನ್ನು ಒಪ್ಪಿಸುವುದು ಬಲು ಕಷ್ಟ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋ ಏರಿದರೆ ಆಯಿತು. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಅದನ್ನು ಹಟವೆಂದು ತಿಳಿದು ಮೂಗು ಹಿಡಿದು ತುರುಕಿದರೆ ಮಗುವಿಗೆ ಊಟವೆಂದರೆ ಭಯ ಹುಟ್ಟುತ್ತದೆ.

ಮೊದಲ ವಾರ ಮನೆಯವರೆಲ್ಲರಿಗೂ ಸುಸ್ತಾಯಿತು. ಹುಡುಗ ಅತ್ತ, ಪೊಟ್ಟಣಕ್ಕಾಗಿ ಅಂಗಡಿಯ ಮುಂದೆ ಉರುಳಾಡಿದ. ತಾಯಿ ದಾರಿಯನ್ನೇ ಬದಲಿಸಿ ಹಿಂದಿನ ಓಣಿಯಿಂದ ಕರೆತರತೊಡಗಿದಳು. ಆ ಉಪಾಯ ಅವಳದೇ, ಈಗ ಅದನ್ನು ಬೇರೆಯವರಿಗೂ ಹೇಳುತ್ತೇನೆ. ಬಳಿಕ ಒಂದು ಮಧ್ಯಾಹ್ನ ಅವನು ಪಕ್ಕದ ಹುಡುಗಿಯ ತಟ್ಟೆ ನೋಡುತ್ತಾ ತನ್ನ ಅನ್ನ ಸಾರು ಮುಗಿಸಿದ. ನಾನು ಹೊಗಳಲಿಲ್ಲ, ಚಪ್ಪಾಳೆ ತಟ್ಟಿಸಲಿಲ್ಲ. ಇನ್ನಷ್ಟು ಬೇಕೇ ಎಂದು ಮಾತ್ರ ಕೇಳಿದೆ.

ಸೊಪ್ಪಿನದು ಬೇರೆಯೇ ಕತೆ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ಆಹಾರವನ್ನು ಅನುಮಾನಿಸುವುದು ಸಹಜ. ಒಂದೇ ಪದಾರ್ಥವನ್ನು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡು, ಮುಟ್ಟಿ, ನೆಕ್ಕಿದ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ಹೆಚ್ಚಿನ ತಾಯಂದಿರು ಮೂರನೆಯ ಸಲಕ್ಕೆ “ಇವನಿಗೆ ಸೇರುವುದಿಲ್ಲ” ಎಂದು ಕೈಬಿಡುತ್ತಾರೆ. ನಾನು ನುಗ್ಗೆ ಸೊಪ್ಪಿನ ಪಲ್ಯವನ್ನು ಅಡಿಕೆ ಗಾತ್ರದಷ್ಟು ಬಡಿಸುತ್ತೇನೆ, ಮೇಲೆ ನಿಂಬೆ ಹಿಂಡುತ್ತೇನೆ. ನಿಂಬೆಯಲ್ಲಿರುವ ‘ಸಿ’ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಸೊಪ್ಪನ್ನು ದೋಸೆ ಹಿಟ್ಟಿನಲ್ಲಿ ರುಬ್ಬಿ ಕೊಡುವವರಿದ್ದಾರೆ. ಕೊಡಲಿ, ಆದರೆ ಅಷ್ಟರಿಂದಲೇ ಮಗು ಸೊಪ್ಪು ತಿನ್ನಲು ಕಲಿಯುವುದಿಲ್ಲ. “ಪಲ್ಯ ತಿಂದರೆ ಚಾಕೊಲೇಟ್” ಎನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನಾವೇ ಕಲಿಸಿದಂತಾಗುತ್ತದೆ.

ಮಂಡಕ್ಕಿಯನ್ನು ಬಿಡಿಸಲು ಹೋಗಲಿಲ್ಲ. ದಾವಣಗೆರೆಯ ಭಟ್ಟಿಗಳ ಮಂಡಕ್ಕಿ ಇಲ್ಲದೆ ನಮ್ಮ ಕಡೆ ಸಂಜೆಯಾಗುವುದಿಲ್ಲ. ಬರೀ ಮಂಡಕ್ಕಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅಷ್ಟೇ. ನೆನೆಸಿ ಹಿಂಡಿ ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಮತ್ತು ಶೇಂಗಾ ಪುಡಿ ಕಲಸಿದರೆ ಅದೇ ಒಳ್ಳೆಯ ತಿನಿಸು. ಚಿಕ್ಕ ಮಕ್ಕಳಿಗೆ ಶೇಂಗಾ ಕಾಳನ್ನು ಇಡಿಯಾಗಿ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಕೆಲವು ತಿಂಗಳ ಬಳಿಕ ಮತ್ತೆ ರಕ್ತ ನೋಡಿದಾಗ ಹಿಮೋಗ್ಲೋಬಿನ್ 11 ದಾಟಿತ್ತು. ಮಣ್ಣು ತಿನ್ನುವುದು ಅದಕ್ಕೂ ಮೊದಲೇ ನಿಂತಿತ್ತು. ಬದನೆಕಾಯಿ ಇಂದಿಗೂ ಮುಟ್ಟುವುದಿಲ್ಲ, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಎಲ್ಲ ಮಕ್ಕಳೂ ಹೀಗೆ ಮನೆಯಲ್ಲೇ ಸರಿಹೋಗುವುದಿಲ್ಲ. ತಿಂಗಳಿಂದ ತಿಂಗಳಿಗೆ ತೂಕ ಏರದಿದ್ದರೆ, ನುಂಗುವಾಗ ಉಸಿರುಗಟ್ಟಿದಂತಾದರೆ, ಗಟ್ಟಿ ಪದಾರ್ಥ ಬಾಯಿಗಿಟ್ಟೊಡನೆ ವಾಂತಿಯಾದರೆ, ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ ವೈದ್ಯರಿಗೆ ತೋರಿಸಲೇಬೇಕು. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಥವಾ ಎರಡೂ ಪಾದ ಊದಿಕೊಂಡರೆ, ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ನಾನು ಅಂದೇ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇನೆ.