ವಶೀಲಿ ಇಲ್ಲದ ನಾಮಿನೇಷನ್

ನಾನು ಅಮೆರಿಕದ ನೇವಲ್ ಅಕಾಡೆಮಿಗೆ, ಅಂದರೆ ನೌಕಾಪಡೆಯ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜಿಗೆ, ಸೇರಬೇಕಾದರೆ ಅಲ್ಲಿನ ಸಂಸತ್ ಸದಸ್ಯರ ನಾಮಿನೇಷನ್ ಬೇಕು ಅಂತ ಅಪ್ಪ ಫೋನಿನಲ್ಲಿ ಹೇಳಿದರು. ಮೈಸೂರಿನಿಂದ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರನ್ನ ಹಿಡೀಬೇಕೋ?" ವಶೀಲಿ ಇಲ್ಲದೆ ಎಂಪಿ ಕಾಗದ ಸಿಗುತ್ತದೆ ಅಂತ ಅವರನ್ನು ನಂಬಿಸಲು ಆಗಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅದೇ ಅನುಮಾನ ಇತ್ತು.

ನಾನು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಹದಿಮೂರಕ್ಕೆ ಮತ್ತೆ ನ್ಯೂಜೆರ್ಸಿ. ಅಲ್ಲಿ ಹುಟ್ಟಿದ ಕಾರಣಕ್ಕೆ ಪೌರತ್ವ ಇತ್ತು. ಅದಿಲ್ಲದಿದ್ದರೆ ಅರ್ಜಿಯ ಮಾತೇ ಇಲ್ಲ. ನನಗಿಂತ ಜಾಸ್ತಿ ಅಂಕ ತೆಗೆಯುತ್ತಿದ್ದ ಗೆಳೆಯನೊಬ್ಬ ಎಚ್-4 ವೀಸಾದಲ್ಲಿದ್ದ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಮಕ್ಕಳಿಗೆ ಸಿಗುವ ವೀಸಾ. ಅವನು ಫಾರಂ ಕೂಡ ತುಂಬುವ ಹಾಗಿರಲಿಲ್ಲ.

ಲೆಕ್ಕ ಹೀಗಿದೆ. ಒಬ್ಬ ಸೆನೆಟರ್ (ಸಂಸತ್ತಿನ ಮೇಲ್ಮನೆಯವರು) ಅಥವಾ ಹೌಸ್ (ಕೆಳಮನೆ) ಸದಸ್ಯರ ಹೆಸರಿನಲ್ಲಿ ಒಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ ಐದೇ ಜನ ಇರಬಹುದು. ಒಬ್ಬರು ಪಾಸಾಗಿ ಹೊರಟರೆ ಒಂದು ಸೀಟು ಖಾಲಿ. ನಾನು ಅರ್ಜಿ ಹಾಕಿದ 2016ರಲ್ಲಿ ಒಂದು ಖಾಲಿ ಸೀಟಿಗೆ ಹತ್ತು ಹೆಸರು ಕಳಿಸಬಹುದಿತ್ತು. ಕೆಲವು ಸದಸ್ಯರು ತಾವೇ ಒಬ್ಬರನ್ನು ಮೊದಲು ಅಂತ ಗುರುತು ಮಾಡಿ ಕಳಿಸುತ್ತಾರೆ. ನಮ್ಮ ಕ್ಷೇತ್ರದಲ್ಲಿದ್ದದ್ದು ಕಾಂಪಿಟಿಟಿವ್ ಪದ್ಧತಿ. ಹತ್ತೂ ಹೆಸರು ಹೋಗುತ್ತವೆ, ಅದರಲ್ಲಿ ಆರಿಸುವುದು ಅಕಾಡೆಮಿ. ಅಂದರೆ ಆ ಕಾಗದ ಕೈಗೆ ಬಂದರೂ ಸೀಟು ಬಂದ ಹಾಗಲ್ಲ, ಇನ್ನೊಂದು ಸ್ಪರ್ಧೆಗೆ ಟಿಕೆಟ್ ಸಿಕ್ಕ ಹಾಗೆ ಅಷ್ಟೆ. ಭೂಸೇನೆಯ ವೆಸ್ಟ್ ಪಾಯಿಂಟ್, ಏರ್‌ಫೋರ್ಸ್ ಅಕಾಡೆಮಿಗಳಲ್ಲೂ ಹೀಗೇ. ಕೋಸ್ಟ್ ಗಾರ್ಡ್ ಅಕಾಡೆಮಿಗೆ ಮಾತ್ರ ನಾಮಿನೇಷನ್ ಬೇಡ.

ನಾನು ನಾಲ್ಕೂ ಕಡೆ ಹಾಕಿದೆ: ಹೌಸ್ ಸದಸ್ಯರು, ಇಬ್ಬರು ಸೆನೆಟರ್‌ಗಳು, ಉಪಾಧ್ಯಕ್ಷರು. ಉಪಾಧ್ಯಕ್ಷರಿಗೆ ದೇಶದಲ್ಲಿ ಯಾರು ಬೇಕಾದರೂ ಹಾಕಬಹುದು, ಹಾಗಾಗಿ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಪ್ರತಿ ಕಚೇರಿಗೂ ಬೇರೆ ಫಾರಂ, ಬೇರೆ ಪ್ರಬಂಧ, ಬೇರೆ ಕೊನೆ ದಿನ. ಗಣಿತದ ಮೇಡಂ ನನಗೋಸ್ಕರ ಎಷ್ಟು ಪತ್ರ ಬರೆದರೋ, ಪಾಪ.

ಹೌಸ್ ಸದಸ್ಯರ ಕಡೆಯ ಸಂದರ್ಶನ ನವೆಂಬರಿನ ಒಂದು ಶನಿವಾರ. ಎದುರಿಗೆ ಐದು ಜನ, ಹೆಚ್ಚಿನವರು ನಿವೃತ್ತ ಅಧಿಕಾರಿಗಳು. ಸದಸ್ಯರು ಆ ಕೋಣೆಗೆ ಕಾಲಿಡಲೂ ಇಲ್ಲ. ಇಂಜಿನಿಯರಿಂಗ್ ಓದುವುದಾದರೆ ನೇವಿಯೇ ಯಾಕೆ, ಸೀಟು ಸಿಗದಿದ್ದರೆ ಏನು ಮಾಡುತ್ತೀಯ ಅಂತೆಲ್ಲ ಕೇಳಿದರು. ಬೇರೆ ಕಾಲೇಜಿನಲ್ಲಿ ಓದುತ್ತಲೇ ಅಧಿಕಾರಿಯಾಗುವ ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೂ ಹಾಕಿದ್ದೇನೆ, ಮುಂದಿನ ವರ್ಷ ಇಲ್ಲಿಗೇ ಮತ್ತೆ ಹಾಕುತ್ತೇನೆ ಅಂದೆ. ಆಮೇಲೆ ಒಬ್ಬರು, "ನಿನ್ನ ಅಪ್ಪ ಅಮ್ಮನಿಗೆ ಇದು ಇಷ್ಟವಾ?" ಅಂದರು. ಇದಕ್ಕೆ ತಯಾರಿ ಮಾಡಿರಲಿಲ್ಲ. "ಅಮ್ಮನಿಗೆ ಇಷ್ಟ ಇಲ್ಲ ಸರ್. ಆದರೆ ಇಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಬಂದದ್ದು ಅವರೇ" ಅಂದುಬಿಟ್ಟೆ. ಐದೂ ಜನ ನಕ್ಕರು. ಬಾಯಿಪಾಠ ಮಾಡಿದ್ದ ಉಳಿದ ಉತ್ತರಗಳು ಅವರಿಗೆ ನೆನಪಿದ್ದವೋ ಇಲ್ಲವೋ.

ಡಿಸೆಂಬರಿನಲ್ಲಿ ಹೌಸ್ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಉಳಿದ ಮೂರೂ ಕಡೆ ಇಲ್ಲ.

ನಾಮಿನೇಷನ್ ಅಲ್ಲದೆ ಅಕಾಡೆಮಿಯ ದೈಹಿಕ ಪರೀಕ್ಷೆಯೂ ಇತ್ತು, ಅದರಲ್ಲಿ ಆರು ಐಟಂ. ಮಂಡಿಯೂರಿ ಬ್ಯಾಸ್ಕೆಟ್‌ಬಾಲ್ ಎಸೆಯುವುದರಿಂದ ಶುರುವಾಗಿ ಒಂದು ಮೈಲಿ ಓಟಕ್ಕೆ ಮುಗಿಯುತ್ತದೆ. ನನಗೆ ಕಷ್ಟವಾದದ್ದು ಪುಲ್-ಅಪ್. ಮೊದಲ ದಿನ ಒಂದೂ ಆಗಲಿಲ್ಲ. ಕೋಣೆಯ ಬಾಗಿಲಿಗೆ ಒಂದು ಬಾರ್ ಹಾಕಿಕೊಂಡೆ, ಒಳಗೆ ಹೋಗುವಾಗಲೆಲ್ಲ ಒಂದು, ಬರುವಾಗಲೆಲ್ಲ ಒಂದು. ಬೇಸಿಗೆ ಮುಗಿಯುವಷ್ಟರಲ್ಲಿ ಹನ್ನೊಂದಕ್ಕೆ ಬಂತು.

ನಿಜವಾಗಿ ನಿದ್ದೆ ಕೆಡಿಸಿದ್ದು ವೈದ್ಯಕೀಯ ತಪಾಸಣೆ. ಎಲ್ಲಾ ಅಕಾಡೆಮಿಗಳಿಗೂ ಸೇರಿ ರಕ್ಷಣಾ ಇಲಾಖೆಯ ಒಂದೇ ಮಂಡಳಿ ಇದೆ, ಡಾಡ್‌ಮರ್ಬ್ ಅಂತ ಕರೆಯುತ್ತಾರೆ. ಅಲ್ಲಿಂದ ಬಂದ ಉತ್ತರ: ಅನರ್ಹ. ಕಾರಣ ಉಬ್ಬಸ. ನನಗೆಲ್ಲಿಯ ಉಬ್ಬಸ? ಹಳೇ ಕಾಗದ ಎಲ್ಲಾ ಕೆದಕಿದಾಗ ಗೊತ್ತಾಯಿತು. ನ್ಯೂಜೆರ್ಸಿಗೆ ಬಂದ ಮೊದಲ ವಸಂತದಲ್ಲಿ ಹೂವಿನ ಪರಾಗಕ್ಕೆ ಕೆಮ್ಮು ಬಂದಿತ್ತು. ಡಾಕ್ಟರೊಬ್ಬರು ಒಂದು ಇನ್ಹೇಲರ್ ಬರೆದುಕೊಟ್ಟು, ಫೈಲಿನಲ್ಲಿ ಉಬ್ಬಸ ಅಂತ ಬರೆದಿದ್ದರು. ಹದಿಮೂರು ತುಂಬಿದ ಮೇಲೆ ಆ ಪದ ದಾಖಲೆಯಲ್ಲಿದ್ದರೆ ತೊಂದರೆ. ನನಗೆ ಆಗ ಹದಿಮೂರು ತುಂಬಿ ಎರಡು ತಿಂಗಳಾಗಿತ್ತು!

ಇಂಥ ಅನರ್ಹತೆಗೆ ವಿನಾಯಿತಿಯನ್ನು ನಾವಾಗಿ ಕೇಳುವಂತಿಲ್ಲ. ಈ ಅಭ್ಯರ್ಥಿ ಬೇಕು ಅಂತ ಅನ್ನಿಸಿದರೆ ಅಕಾಡೆಮಿಯೇ ಅದನ್ನು ಕೈಗೆತ್ತಿಕೊಳ್ಳುತ್ತದೆ. ಕೇಳಿದ ಕಾಗದ ಬೇಗ ಕಳಿಸುವುದಷ್ಟೇ ನಮ್ಮ ಕೆಲಸ. ಒಂದು ಔಷಧಿಯ ಆವಿ ಎಳೆದುಕೊಂಡು ಊದುವ ಪರೀಕ್ಷೆಗೆ ಹೋಗಿ ಬಂದೆ. ಆರೋಗ್ಯವಂತ ಶ್ವಾಸಕೋಶ ಅದಕ್ಕೆ ಬಿಗಿಯುವುದಿಲ್ಲ. ನನ್ನದೂ ಬಿಗಿಯಲಿಲ್ಲ. ಮಾರ್ಚಿನಲ್ಲಿ ವಿನಾಯಿತಿ ಸಿಕ್ಕಿತು. ಹತ್ತನೇ ತರಗತಿಯಲ್ಲಿರುವಾಗಲೇ ನಿಮ್ಮ ಫೈಲ್ ತರಿಸಿ ಓದಿಕೊಳ್ಳಿ. ನಾನು ಓದಿರಲಿಲ್ಲ.

ಅಷ್ಟರಲ್ಲಿ ನಮ್ಮ ಪಟ್ಟಿಯ ಸೀಟು ಬೇರೆ ಹುಡುಗನಿಗೆ ಹೋಗಿತ್ತು. ಪಟ್ಟಿಯಲ್ಲಿ ಸೋತ ಅರ್ಹರನ್ನು ದೇಶದ ಮಟ್ಟದಲ್ಲಿ ಸೇರಿಸಿ, ಮೆರಿಟ್ ಪ್ರಕಾರ 150 ಜನರನ್ನು ತೆಗೆದುಕೊಳ್ಳುವ ದಾರಿ ಆಗ ಇತ್ತು. ನಾನು ಒಳಗೆ ಬಂದದ್ದು ಅದರಲ್ಲೇ ಇರಬೇಕು. ನಾಮಿನೇಷನ್ ಒಂದೂ ಇಲ್ಲದಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಪತ್ರ ಬಂತು. ಅಮ್ಮ ಅಡುಗೆಮನೆಯಲ್ಲಿ ನಿಂತು ಪೂರ್ತಿ ಓದಿದರು. "ನಾಲ್ಕು ವರ್ಷ ಓದು, ಆಮೇಲೆ ಕಮ್ಮಿ ಅಂದ್ರೂ ಐದು ವರ್ಷ ಸೇವೆ. ನೀನು ಇದನ್ನ ಓದಿದ್ಯಾ?"

ಓದಿದ್ದೆ.