ವೈಟ್ ಗೋಲ್ಡ್ ಉಂಗುರ ಹಳದಿಯಾಯಿತೇ? ರೋಡಿಯಂ ಹಾಕಿಸುವುದು ಹೀಗೆ

ನನ್ನ ವೈಟ್ ಗೋಲ್ಡ್ ಉಂಗುರ ಎರಡನೇ ವರ್ಷಕ್ಕೇ ಅಂಗೈ ಕಡೆ ಹಳದಿಯಾಯಿತು, ಅದೂ ಬೈಕ್ ಹ್ಯಾಂಡಲ್‌ಗೆ ಉಜ್ಜುವ ಜಾಗದಲ್ಲಿ ಮಾತ್ರ. ಮೋಸ ಹೋದೆ ಅಂದುಕೊಂಡೆ. ಮೋಸವೇನೂ ಇರಲಿಲ್ಲ. ಚಿನ್ನಕ್ಕೆ ನಿಕ್ಕಲ್ಲೋ ಪಲ್ಲಾಡಿಯಮ್ಮೋ ಬೆರೆಸಿದರೂ ಸಾಮಾನ್ಯವಾಗಿ ತುಸು ಹಳದಿ ಉಳಿದಿರುತ್ತದೆ, ಅದನ್ನು ಮುಚ್ಚಲು ಮೇಲೆ ರೋಡಿಯಂ ಎಂಬ ಬಿಳಿ ಲೋಹದ ತೆಳು ಲೇಪ ಹಾಕಿರುತ್ತಾರೆ. ಉಂಗುರಕ್ಕೆ ಹಾಕುವುದು ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಎಷ್ಟೋ ಸಲ ಅದಕ್ಕಿಂತ ಕಡಿಮೆ. ಸವೆಯದೆ ಇನ್ನೇನು?

ಮೊದಲು ಉಂಗುರ ತೂಕ ಮಾಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಗೀರು ತೆಗೆಯಲು ಬಫ್ (ತಿರುಗುವ ಉಜ್ಜುಚಕ್ರ) ಹಿಡಿದಾಗ ಚೂರು ಚಿನ್ನ ಹೋಗುತ್ತದೆ, ಎಷ್ಟು ಹೋಯಿತು ಅಂತ ನಿಮಗೂ ಗೊತ್ತಿರಲಿ. ಮುತ್ತು, ಪಚ್ಚೆ ಇದ್ದರೆ ಆಗಲೇ ಹೇಳಿ, ದ್ರವವನ್ನು ಕಂಪಿಸಿ ಕೊಳೆ ತೆಗೆಯುವ ಅಲ್ಟ್ರಾಸಾನಿಕ್ ತೊಟ್ಟಿಗೆ ಅವು ಆಗಿಬರುವುದಿಲ್ಲ.

ಬಫ್ ಆದಮೇಲೆ ತೊಳೆಯುವುದೇ ದೊಡ್ಡ ಕೆಲಸ. ಬೆರಳಿನ ಜಿಡ್ಡು ಉಳಿದರೂ ಅಲ್ಲಿ ಲೇಪ ಸರಿಯಾಗಿ ಕೂರುವುದಿಲ್ಲ. ಆಮೇಲೆ ಉಂಗುರವನ್ನು ತಂತಿಗೆ ಸಿಕ್ಕಿಸಿ, ಕರೆಂಟಿನ ಮೈನಸ್ ಕಡೆಗೆ ಜೋಡಿಸಿ, ರೋಡಿಯಂ ಸಲ್ಫೇಟ್ ದ್ರವದಲ್ಲಿ ಇಳಿಬಿಡುತ್ತಾರೆ. ಕೆಲವೇ ವೋಲ್ಟ್ ಸಾಕು. ನೋಡನೋಡುತ್ತಲೇ ಹಳದಿ ಮಾಯ! ಆ ದ್ರವದಲ್ಲಿ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ, ಹಾಗಾಗಿ ವಿಡಿಯೊ ನೋಡಿ ಮನೆಯಲ್ಲೇ ಮಾಡಲು ಹೋಗಬೇಡಿ.

ರೋಡಿಯಂ ಯಾಕೆ, ಬೆಳ್ಳಿ ಯಾಕಲ್ಲ? ಬೆಳ್ಳಿ ಕಪ್ಪಾಗುತ್ತದೆ, ಇದು ಆಗುವುದಿಲ್ಲ. ಚಿನ್ನವನ್ನೇ ಕರಗಿಸುವ ಆಸಿಡ್ ಮಿಶ್ರಣ ಆಕ್ವಾ ರೀಜಿಯಾಕ್ಕೂ ಗಟ್ಟಿ ರೋಡಿಯಂ ಜಗ್ಗುವುದಿಲ್ಲ. ಕರಗಲು 1964 ಡಿಗ್ರಿ ಸೆಲ್ಸಿಯಸ್ ಬೇಕು. 1804ರಲ್ಲಿ ಲಂಡನ್ನಿನ ವಿಲಿಯಂ ವೊಲಾಸ್ಟನ್, ದಕ್ಷಿಣ ಅಮೆರಿಕದ ಪ್ಲಾಟಿನಂ ಅದಿರಿನಲ್ಲಿ ಇದು ಸಿಕ್ಕಿತೆಂದು ಪ್ರಕಟಿಸಿದ. ಇದರ ಲವಣಗಳು ಗುಲಾಬಿ ಬಣ್ಣ, ಗ್ರೀಕ್‌ನಲ್ಲಿ ರೋಡಾನ್ ಅಂದರೆ ಗುಲಾಬಿ, ಹೆಸರು ಹಾಗೆ ಬಂತು. ಈಗ ಹೆಚ್ಚಿನದು ದಕ್ಷಿಣ ಆಫ್ರಿಕಾದ ಗಣಿಗಳಿಂದ, ಪ್ಲಾಟಿನಂ ತೆಗೆಯುವಾಗ ಜೊತೆಗೆ ಬರುವುದು. ಇದೊಂದಕ್ಕೇ ಅಂತ ಯಾರೂ ಗಣಿ ತೋಡುವುದಿಲ್ಲ, ಬೇಡಿಕೆ ಏರಿದ ತಕ್ಷಣ ಜಾಸ್ತಿ ತೆಗೆಯಲೂ ಆಗುವುದಿಲ್ಲ.

ಆಭರಣಕ್ಕೆ ಹೋಗುವುದು ಅದರಲ್ಲಿ ಚೂರುಪಾರು. ಮುಕ್ಕಾಲು ಪಾಲಿಗಿಂತ ಜಾಸ್ತಿ ನುಂಗುವುದು ಕಾರುಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮಾಡಲು. ಹೊಗೆ ನಿಯಮ ಬಿಗಿಯಾದಷ್ಟೂ ಇದರ ರೇಟು ಏರುತ್ತದೆ. 2021ರಲ್ಲಂತೂ ಒಂದು ಔನ್ಸ್ 28,000 ಡಾಲರ್ ದಾಟಿತ್ತು, ಚಿನ್ನಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಆದ್ದರಿಂದ ಪಾಲಿಶ್‌ಗೆ ಕೊಡುವ ಮೊದಲೇ ಅವತ್ತಿನ ರೇಟು ಕೇಳಿ. ವಾಪಸ್ ಕೊಟ್ಟಾಗ ಅಲ್ಲೇ ನಿಂತು ಇನ್ನೊಮ್ಮೆ ತೂಕ ಮಾಡಿಸಿ. ಪಾತ್ರೆ ತಿಕ್ಕುವಾಗ ಉಂಗುರ ತೆಗೆದಿಡಿ. ನಾನಂತೂ ಬೈಕ್ ಹತ್ತುವ ಮುಂಚೆ ಜೇಬಿಗೆ ಹಾಕಿಕೊಳ್ಳುತ್ತೇನೆ.