ಡೇಟಾಬೇಸ್ ಕಲಿತ ಬಗೆ: ಉತ್ತರ ಮೊದಲು ಕಾಗದದ ಮೇಲೆ

ಕಂಪ್ಯೂಟಿಂಗ್ ಮತ್ತು ಮಾಹಿತಿ ವ್ಯವಸ್ಥೆಗಳ ಪದವಿಯಲ್ಲಿ ಒಂದು ಕಡೆ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ ಇರುತ್ತವೆ. ಇನ್ನೊಂದು ಕಡೆ ಜನ ಹೇಗೆ ಕೆಲಸ ಮಾಡುತ್ತಾರೆ, ಅವರಿಗೆ ಯಾವ ಮಾಹಿತಿ ಬೇಕು ಎಂಬ ವಿಶ್ಲೇಷಣೆ ಇರುತ್ತದೆ. ಇವೆರಡೂ ಕೂಡುವ ಜಾಗ ಡೇಟಾಬೇಸ್. ಹೆಚ್ಚು ಸಮಯ ಕೊಡಬೇಕಾದ ವಿಷಯವೂ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಭ್ಯಾಸಕ್ಕೆ ಗ್ರಂಥಾಲಯದ ವ್ಯವಸ್ಥೆಯನ್ನು ತೆಗೆದುಕೊಂಡೆ. ಟೇಬಲ್ (ಸಾಲು, ಕಾಲಂಗಳಲ್ಲಿ ಮಾಹಿತಿ ಇಡುವ ಪಟ್ಟಿ) ಬರೆಯುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: ಸದಸ್ಯರು ಮನೆಗೆ ಒಯ್ಯುವುದು ಪುಸ್ತಕವನ್ನೋ, ಪುಸ್ತಕದ ಒಂದು ಪ್ರತಿಯನ್ನೋ? ಶೀರ್ಷಿಕೆ, ಲೇಖಕರು ಪುಸ್ತಕಕ್ಕೆ ಸೇರಿದ್ದು. ಹರಿದ ಪುಟ, ಕಪಾಟಿನ ಜಾಗ ಪ್ರತಿಗೆ ಸೇರಿದ್ದು. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ಆಮೇಲೆ ಎಲ್ಲ ಕ್ವೆರಿಗಳನ್ನೂ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನೂ, ತಿದ್ದಬೇಕಾಗುತ್ತದೆ. ಪುಸ್ತಕ, ಪ್ರತಿ, ಸದಸ್ಯ, ಎರವಲು, ಕಾಯ್ದಿರಿಸುವಿಕೆ, ದಂಡ ಪಾವತಿ ಎಂದು ಆರು ಟೇಬಲ್ ಸಾಕಾದವು.

ಇ. ಎಫ್. ಕಾಡ್ 1970ರಲ್ಲಿ ಮುಂದಿಟ್ಟ ರಿಲೇಷನಲ್ ಮಾದರಿಯಿಂದ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಕ್ರಮ) ಬೆಳೆದ, ಯಾವ ಮಾಹಿತಿ ಯಾವ ಟೇಬಲ್‌ಗೆ ಸೇರಬೇಕೆಂದು ಹೇಳುವ ನಾರ್ಮಲೈಸೇಷನ್ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿ ಕಾಲಂ ಎದುರು 'ಇದು ಯಾವುದರ ಬಗ್ಗೆ ಹೇಳುತ್ತಿದೆ?' ಎಂದು ಕೇಳುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಸದಸ್ಯರ ಫೋನ್ ಸಂಖ್ಯೆ ಎರವಲು ಟೇಬಲ್‌ನಲ್ಲಿದ್ದರೆ ಅದು ತಪ್ಪು ಜಾಗ. ಆದರೆ ಎರವಲು ಕೊಟ್ಟ ದಿನ ಜಾರಿಯಲ್ಲಿದ್ದ ದಂಡದ ದರವನ್ನು ಆ ಸಾಲಿನಲ್ಲೇ ಇಡುವುದು ಸರಿ. ಮುಂದೆ ದರ ಬದಲಾದರೂ ಹಳೆಯ ಲೆಕ್ಕ ಬದಲಾಗಬಾರದಲ್ಲ.

ಇನ್ನು ಡೇಟಾ. ಸಾವಿರ ಸಾಲು ತುಂಬಿಸಲಿಲ್ಲ. 3 ಸದಸ್ಯರು, 2 ಪುಸ್ತಕ, 4 ಪ್ರತಿ, 5 ಎರವಲು, ಅಷ್ಟೇ. ಅದರಲ್ಲೇ ಒಂದೂ ಪುಸ್ತಕ ಒಯ್ಯದ ಸದಸ್ಯ, ಹಿಂತಿರುಗದ ಪ್ರತಿ, ಖಾಲಿ ಬಿಟ್ಟ ಕಾಲಂ ಇರುವಂತೆ ನೋಡಿಕೊಂಡೆ. ಕ್ವೆರಿ ಓಡಿಸುವ ಮುನ್ನ ಎಷ್ಟು ಸಾಲು, ಯಾವ ಸಾಲು ಬರಬೇಕೆಂದು ಕಾಗದದ ಮೇಲೆ ಬರೆದಿಟ್ಟೆ. ಪರದೆಯ ಉತ್ತರ ಅದಕ್ಕೆ ತಾಳೆಯಾಗದಿದ್ದಾಗ ನಡೆಯುವುದೇ ನಿಜವಾದ ಪಾಠ.

ಉದಾಹರಣೆಗೆ, ಯಾರೂ ಕಾಯ್ದಿರಿಸದ ಪ್ರತಿಗಳನ್ನು ಹುಡುಕುವ ಕ್ವೆರಿ. ಪ್ರತಿಗಳು 1ರಿಂದ 4. ಕಾಯ್ದಿರಿಸಿದ ಎರಡು ಸಾಲುಗಳಲ್ಲಿ ಒಂದಕ್ಕೆ ಪ್ರತಿ 2 ಗೊತ್ತಾಗಿದೆ, ಇನ್ನೊಂದಕ್ಕೆ ಯಾವ ಪ್ರತಿ ಎಂದು ಇನ್ನೂ ನಿಗದಿಯಾಗಿಲ್ಲ, ಹಾಗಾಗಿ ಅಲ್ಲಿ ನಲ್, ಅಂದರೆ ಖಾಲಿ ಎಂಬ ಗುರುತು, ಇದೆ. ಕಾಗದದ ಪ್ರಕಾರ 1, 3, 4 ಬರಬೇಕು. 'ಈ ಪಟ್ಟಿಯಲ್ಲಿ ಇಲ್ಲದ್ದು' ಎಂದು ಕೇಳುವ 'ನಾಟ್ ಇನ್' ಬಳಸಿದರೆ ಒಂದು ಸಾಲೂ ಬರುವುದಿಲ್ಲ. ಕಾರಣ ಹೀಗೆ: '1 ಎಂಬುದು 2 ಅಲ್ಲ' ನಿಜ. '1 ಎಂಬುದು ನಲ್ ಅಲ್ಲ' ನಿಜವೂ ಅಲ್ಲ, ಸುಳ್ಳೂ ಅಲ್ಲ, ಗೊತ್ತಿಲ್ಲ. ಎರಡೂ ಸೇರಿದರೆ ಫಲ 'ಗೊತ್ತಿಲ್ಲ'. 'ವೇರ್' ಷರತ್ತು ನಿಜವಾದ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 'ಹೊಂದುವ ಸಾಲೇ ಇಲ್ಲ' ಎಂದು ನೋಡುವ 'ನಾಟ್ ಎಕ್ಸಿಸ್ಟ್ಸ್' ಹಾಕಿ ಬರೆದರೆ ಮೂರೂ ಬರುತ್ತವೆ. ದೋಷ ಸಂದೇಶವೇ ಇಲ್ಲದ ತಪ್ಪು ಇದು. ಉತ್ತರ ಮೊದಲೇ ಬರೆದಿಡದವರು 'ಯಾವ ಪ್ರತಿಯೂ ಬಿಡುವಿಲ್ಲ' ಎಂದು ನಂಬಿಬಿಡುತ್ತಾರೆ.

ಇಂಥದ್ದೇ ಇನ್ನೊಂದು ತಪ್ಪು ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ನಲ್ಲಿದೆ. ಒಬ್ಬ ಸದಸ್ಯರಿಗೆ 3 ಎರವಲು, 20 ಮತ್ತು 30ರ ಎರಡು ಪಾವತಿ. ಮೂರೂ ಟೇಬಲ್ ಒಟ್ಟಿಗೆ ಜೋಡಿಸಿ ಮೊತ್ತ ಕೇಳಿದರೆ 50ರ ಬದಲು 150 ಬರುತ್ತದೆ. 3 ಎರವಲಿನ ಪ್ರತಿಯೊಂದರ ಜೊತೆಗೂ 2 ಪಾವತಿ ಸೇರಿ 6 ಸಾಲಾಗಿರುತ್ತವೆ. ಒಂದೇ ಮೊತ್ತವನ್ನು ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯುವ 'ಡಿಸ್ಟಿಂಕ್ಟ್' ಹಾಕಿದರೆ 50 ಬರುತ್ತದೆ ನಿಜ, ಆದರೆ ಎರಡೂ ಪಾವತಿ 20 ಆಗಿದ್ದರೆ 40ರ ಬದಲು 20 ಬರುತ್ತದೆ. ಪಾವತಿಯ ಮೊತ್ತವನ್ನು ಸದಸ್ಯರವಾರು ಮೊದಲು ಕೂಡಿಸಿ, ಆಮೇಲೆ ಜೋಡಿಸಬೇಕು.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರು ಒಂದು ಮಾತು ನೆನಪಿಡಿ: ಅದರಲ್ಲಿ ಸಾಮಾನ್ಯವಾಗಿ ಫಾರಿನ್ ಕೀ ಪರಿಶೀಲನೆ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಎಂಬ ತಪಾಸಣೆ) ತಾನಾಗಿ ನಡೆಯುವುದಿಲ್ಲ. ಪ್ರತಿ ಸಲ ಸಂಪರ್ಕ ತೆರೆದಾಗಲೂ ಪ್ರಾಗ್ಮಾ ಆಜ್ಞೆ ಕೊಟ್ಟು ಆನ್ ಮಾಡಬೇಕು. ಇಲ್ಲವಾದರೆ ಇಲ್ಲದ ಸದಸ್ಯರ ಹೆಸರಿಗೂ ಎರವಲು ದಾಖಲಾಗುತ್ತದೆ.

ಕ್ವೆರಿಗಳು ಸರಿಯಾದ ಮೇಲಷ್ಟೇ ವೇಗದ ಮಾತು. ಆಗ 1 ಲಕ್ಷ ಸಾಲು ತುಂಬಿಸಿ, ಕ್ವೆರಿ ಹೇಗೆ ಹುಡುಕುತ್ತದೆಂದು ತೋರಿಸುವ 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಓಡಿಸಿ, ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕುವ ಮುಂಚೆ 'ಸ್ಕ್ಯಾನ್' (ಎಲ್ಲ ಸಾಲನ್ನೂ ನೋಡುವುದು), ಹಾಕಿದ ಮೇಲೆ 'ಸರ್ಚ್' (ಬೇಕಾದ ಸಾಲುಗಳಿಗೆ ನೇರ ಹೋಗುವುದು) ಎಂದು ಬರುವುದನ್ನು ಹೋಲಿಸಿದೆ. ಸದಸ್ಯ, ದಿನಾಂಕ ಎಂಬ ಕ್ರಮದಲ್ಲಿ ಮಾಡಿದ ಇಂಡೆಕ್ಸ್ ಬರೀ ದಿನಾಂಕದಿಂದ ಹುಡುಕುವವರಿಗೆ ಹೆಚ್ಚು ನೆರವಾಗದು. ನಿಘಂಟಿನಲ್ಲಿ ಎರಡನೆಯ ಅಕ್ಷರ ಮಾತ್ರ ಹಿಡಿದು ಪದ ಹುಡುಕಿದಂತೆ.

ಕಡೆಯ ಪರೀಕ್ಷೆಗೆ ಅದೇ ಡೇಟಾಬೇಸ್ ಅನ್ನು ಎರಡು ವಿಂಡೋಗಳಲ್ಲಿ ತೆರೆದೆ. ಎರಡರಲ್ಲೂ 'ಪ್ರತಿ 3 ಇದೆಯೇ' ಎಂದು ಓದಿ, ಇದೆ ಎಂದು ಬಂದ ಮೇಲೆ ಎರಡರಿಂದಲೂ ಎರವಲು ಬರೆದರೆ, ಒಂದೇ ಪ್ರತಿ ಇಬ್ಬರ ಹೆಸರಿಗೆ ಹೋಗುತ್ತದೆ. ಪ್ರೋಗ್ರಾಂನಲ್ಲಿ ಇನ್ನೊಂದು 'ಇಫ್' ಸೇರಿಸಿದರೆ ಇದು ನಿಲ್ಲುವುದಿಲ್ಲ. ಹಿಂತಿರುಗಿಸಿದ ದಿನಾಂಕ ನಲ್ ಆಗಿರುವ ಸಾಲುಗಳಿಗೆ ಮಾತ್ರ ಅನ್ವಯವಾಗುವಂತೆ ಪ್ರತಿ ಸಂಖ್ಯೆಯ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯುವ ಇಂಡೆಕ್ಸ್) ಹಾಕಬೇಕು. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಇದು ಸಾಧ್ಯ. ಆಗ ಎರಡನೆಯ ವಿಂಡೋದ ಎರವಲನ್ನು ಡೇಟಾಬೇಸ್ ತಾನೇ ತಿರಸ್ಕರಿಸುತ್ತದೆ.